ಗ್ಲಸ್ಟರ್‌ಎಫ್‌ಎಸ್ ವಾಲ್ಯೂಮ್

ಗ್ಲಸ್ಟರ್‌ಎಫ್‌ಎಸ್ ವಾಲ್ಯೂಮ್ ಎಂಬುದು ಹಲವು ಸರ್ವರ್‌ಗಳಲ್ಲಿ ಹಂಚಿಹೋಗಿರುವ ಡಿಸ್ಕ್‌ಗಳ ಜಾಗವನ್ನು ಜಾಲದ ಮೂಲಕ ಒಗ್ಗೂಡಿಸಿ, ಬಳಕೆದಾರನಿಗೆ ಒಂದೇ ಕಡತ ವ್ಯವಸ್ಥೆಯಂತೆ ಒದಗಿಸುವ ಸಂಗ್ರಹ ಘಟಕವಾಗಿದೆ. ಲಿನಕ್ಸ್ ಗಣಕಗಳ ಮೇಲೆ ನಡೆಯುವ ಗ್ಲಸ್ಟರ್‌ಎಫ್‌ಎಸ್ ಎಂಬ ಮುಕ್ತ ತಂತ್ರಾಂಶದಲ್ಲಿ ದತ್ತಾಂಶವು ಎಲ್ಲಿ ಉಳಿಯುತ್ತದೆ, ಎಷ್ಟು ಪ್ರತಿಗಳಲ್ಲಿ ಉಳಿಯುತ್ತದೆ, ಒಂದು ಯಂತ್ರ ಕೆಟ್ಟರೆ ಏನಾಗುತ್ತದೆ ಎಂಬುದೆಲ್ಲವೂ ವಾಲ್ಯೂಮಿನ ರಚನೆಯಿಂದಲೇ ನಿರ್ಧಾರವಾಗುತ್ತದೆ. ವಾಲ್ಯೂಮನ್ನು ರಚಿಸುವುದು ಒಂದೇ ಸಾಲಿನ ಆದೇಶದ ಕೆಲಸ. ಆದರೆ ಆ ಸಾಲಿನಲ್ಲಿ ಯಾವ ವಿಧವನ್ನು ಆರಿಸಲಾಯಿತು, ಡಿಸ್ಕ್‌ಗಳನ್ನು ಯಾವ ಅನುಕ್ರಮದಲ್ಲಿ ಬರೆಯಲಾಯಿತು ಎಂಬುದನ್ನು ಮುಂದೆ ಬದಲಿಸುವುದು ಕಷ್ಟ, ಕೆಲವೊಮ್ಮೆ ಅಸಾಧ್ಯ.

ಹಿನ್ನೆಲೆ

ಗ್ಲಸ್ಟರ್ ಎಂಬ ಹೆಸರು ಗ್ನೂ ಮತ್ತು ಕ್ಲಸ್ಟರ್ ಎಂಬ ಎರಡು ಪದಗಳ ಕೂಡಿಕೆ. ಆನಂದ್ ಬಾಬು ಪೆರಿಯಸಾಮಿ ಸಹಸಂಸ್ಥಾಪಕರಾಗಿದ್ದ ಗ್ಲಸ್ಟರ್ ಸಂಸ್ಥೆ ಈ ತಂತ್ರಾಂಶವನ್ನು ರೂಪಿಸಿತು. ಸಂಸ್ಥೆಯ ಮುಖ್ಯ ಕಚೇರಿ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿದ್ದರೂ ತಾಂತ್ರಿಕ ಕೆಲಸದ ಬಹುಭಾಗ ನಡೆದದ್ದು ಬೆಂಗಳೂರಿನಲ್ಲಿ. 2011ರ ಅಕ್ಟೋಬರ್‌ನಲ್ಲಿ ರೆಡ್ ಹ್ಯಾಟ್ ಸಂಸ್ಥೆ ಸುಮಾರು 13.6 ಕೋಟಿ ಡಾಲರ್‌ಗಳಿಗೆ ಗ್ಲಸ್ಟರನ್ನು ಕೊಂಡುಕೊಂಡಿತು. ಅನಂತರವೂ ಬೆಂಗಳೂರಿನ ಅಭಿಯಂತರರು ಈ ಯೋಜನೆಯಲ್ಲಿ ಮುಖ್ಯ ಪಾತ್ರ ವಹಿಸಿದರು.

ಆರಂಭದ ಆವೃತ್ತಿಗಳಲ್ಲಿ ನಿರ್ವಾಹಕನು ವಾಲ್ಯೂಮಿನ ವಿವರಣಾ ಕಡತವನ್ನು ಕೈಯಿಂದಲೇ ಬರೆದು ಪ್ರತಿಯೊಂದು ಗಣಕಕ್ಕೂ ಹಂಚಬೇಕಾಗಿತ್ತು. 2010ರಲ್ಲಿ ಬಂದ 3.1ನೆಯ ಆವೃತ್ತಿಯು ಗ್ಲಸ್ಟರ್‌ಡಿ ಎಂಬ ನಿರ್ವಹಣಾ ಸೇವೆಯನ್ನು ಒಳಗೊಂಡಿತು. ಅಂದಿನಿಂದ ವಿವರಣಾ ಕಡತವನ್ನು ತಂತ್ರಾಂಶವೇ ಸಿದ್ಧಪಡಿಸಿ ಎಲ್ಲ ಸರ್ವರ್‌ಗಳಿಗೂ ತಲುಪಿಸುತ್ತದೆ.

ಪರಿಭಾಷೆ

ಗ್ಲಸ್ಟರಿನಲ್ಲಿ ಸಂಗ್ರಹದ ಮೂಲ ಘಟಕಕ್ಕೆ ಬ್ರಿಕ್, ಅಂದರೆ ಇಟ್ಟಿಗೆ, ಎಂದು ಹೆಸರು. ಬ್ರಿಕ್ ಎಂದರೆ ಒಂದು ಸರ್ವರಿನ ಡಿಸ್ಕ್‌ನಲ್ಲಿರುವ ಒಂದು ಡೈರೆಕ್ಟರಿ, ಅಷ್ಟೆ. ಸರ್ವರಿನ ಹೆಸರು ಮತ್ತು ಆ ಡೈರೆಕ್ಟರಿಯ ಹಾದಿ ಎರಡನ್ನೂ ಸೇರಿಸಿ ಬ್ರಿಕ್ಕನ್ನು ಗುರುತಿಸಲಾಗುತ್ತದೆ. ಇಂತಹ ಹಲವು ಬ್ರಿಕ್‌ಗಳನ್ನು ಜೋಡಿಸಿ ಕಟ್ಟಿದ ಗೋಡೆಯೇ ವಾಲ್ಯೂಮ್. ಪರಸ್ಪರ ಒಪ್ಪಿ ಕೂಡಿಕೊಂಡಿರುವ ಸರ್ವರ್‌ಗಳ ಗುಂಪನ್ನು ವಿಶ್ವಾಸಾರ್ಹ ಕೂಟ ಎಂದು ಕರೆಯಬಹುದು. ವಾಲ್ಯೂಮನ್ನು ಬಳಸುವ ಗಣಕಕ್ಕೆ ಕ್ಲೈಂಟ್ ಎಂದು ಹೆಸರು.

ತಂತ್ರಾಂಶದ ಒಳರಚನೆ ಟ್ರಾನ್ಸ್‌ಲೇಟರ್ ಎಂಬ ಪದರಗಳಿಂದ ಕೂಡಿದೆ. ಹಂಚುವ ಪದರ, ಪ್ರತಿ ಮಾಡುವ ಪದರ, ಪೂರ್ವಭಾವಿಯಾಗಿ ಓದುವ ಪದರ ಹೀಗೆ ಒಂದರ ಮೇಲೊಂದು ಇರುತ್ತವೆ. ಕಡತವನ್ನು ಓದುವ ಅಥವಾ ಬರೆಯುವ ಪ್ರತಿಯೊಂದು ಕೋರಿಕೆಯೂ ಮೇಲಿನಿಂದ ಕೆಳಕ್ಕೆ ಈ ಪದರಗಳನ್ನು ದಾಟಿ ಬ್ರಿಕ್ಕನ್ನು ಮುಟ್ಟುತ್ತದೆ. ವಾಲ್ಯೂಮಿನ ವಿಧ ಎಂಬುದು ವಾಸ್ತವದಲ್ಲಿ ಯಾವ ಪದರಗಳನ್ನು ಹೇಗೆ ಜೋಡಿಸಲಾಗಿದೆ ಎಂಬುದರ ಹೆಸರು.

ಕಡತದ ಸ್ಥಾನ ನಿರ್ಣಯ

ಹಂಚಿಕೆಯ ಸಂಗ್ರಹ ವ್ಯವಸ್ಥೆಗಳಲ್ಲಿ ಹಲವು, ಯಾವ ಕಡತ ಯಾವ ಯಂತ್ರದಲ್ಲಿದೆ ಎಂಬ ಪಟ್ಟಿಯನ್ನು ಒಂದು ಪ್ರತ್ಯೇಕ ಸರ್ವರಿನಲ್ಲಿ ಇಟ್ಟುಕೊಳ್ಳುತ್ತವೆ. ಗ್ಲಸ್ಟರಿನಲ್ಲಿ ಅಂತಹ ಪಟ್ಟಿಯೇ ಇಲ್ಲ. ಕಡತದ ಹೆಸರಿನಿಂದಲೇ ಅದರ ಸ್ಥಾನವನ್ನು ಲೆಕ್ಕ ಹಾಕಿ ಕಂಡುಕೊಳ್ಳಲಾಗುತ್ತದೆ. ದೊಡ್ಡ ಪರೀಕ್ಷಾ ಕೇಂದ್ರವೊಂದರಲ್ಲಿ ನೋಂದಣಿ ಸಂಖ್ಯೆ ಇಂತಿಷ್ಟರಿಂದ ಇಂತಿಷ್ಟರವರೆಗೆ ಈ ಕೊಠಡಿ ಎಂದು ಮೊದಲೇ ನಿಗದಿಯಾಗಿದ್ದರೆ, ವಿದ್ಯಾರ್ಥಿಯು ಯಾರನ್ನೂ ಕೇಳದೆ ತನ್ನ ಕೊಠಡಿಗೆ ನಡೆದುಹೋಗಬಹುದು. ಗ್ಲಸ್ಟರಿನ ಕ್ರಮವೂ ಇದೇ ಬಗೆಯದು.

ಕಡತದ ಹೆಸರನ್ನು ಹ್ಯಾಶ್ ಎಂಬ ಗಣಿತ ಸೂತ್ರಕ್ಕೆ ಒಳಪಡಿಸಿದಾಗ 32 ಬಿಟ್‌ಗಳ ಒಂದು ಸಂಖ್ಯೆ ದೊರೆಯುತ್ತದೆ. ಅಂದರೆ ಸುಮಾರು 429 ಕೋಟಿ ಸಾಧ್ಯ ಸಂಖ್ಯೆಗಳಲ್ಲಿ ಒಂದು. ಈ ಇಡೀ ವ್ಯಾಪ್ತಿಯನ್ನು ಬ್ರಿಕ್‌ಗಳ ನಡುವೆ ತುಂಡುತುಂಡಾಗಿ ಹಂಚಲಾಗಿರುತ್ತದೆ. ಸಂಖ್ಯೆ ಯಾವ ತುಂಡಿನೊಳಗೆ ಬೀಳುತ್ತದೆಯೋ ಆ ಬ್ರಿಕ್ಕಿನಲ್ಲಿ ಕಡತ ನೆಲೆಸುತ್ತದೆ. ಡೈರೆಕ್ಟರಿಗಳು ಮಾತ್ರ ಎಲ್ಲ ಬ್ರಿಕ್‌ಗಳಲ್ಲಿಯೂ ಇರುತ್ತವೆ. ವ್ಯಾಪ್ತಿಯ ಹಂಚಿಕೆಯನ್ನು ಆಯಾ ಡೈರೆಕ್ಟರಿಯ ವಿಸ್ತೃತ ಗುಣಲಕ್ಷಣಗಳಲ್ಲಿಯೇ ಬರೆದಿಡಲಾಗುತ್ತದೆ. ಕಡತದ ಹೆಸರನ್ನು ಬದಲಿಸಿದರೆ ಹೊಸ ಹೆಸರು ಬೇರೆ ಬ್ರಿಕ್ಕನ್ನು ಸೂಚಿಸಬಹುದು. ಆಗ ದತ್ತಾಂಶವನ್ನು ಸಾಗಿಸುವ ಬದಲು, ಹೊಸ ಸ್ಥಾನದಲ್ಲಿ ಹಳೆಯ ಸ್ಥಾನದ ವಿಳಾಸ ಹೇಳುವ ಖಾಲಿ ಸೂಚಕ ಕಡತವೊಂದನ್ನು ಇಡಲಾಗುತ್ತದೆ.

ವಾಲ್ಯೂಮಿನ ವಿಧಗಳು

ಹಂಚಿಕೆಯ ವಾಲ್ಯೂಮ್. ಯಾವ ವಿಧವನ್ನೂ ಹೇಳದೆ ವಾಲ್ಯೂಮ್ ರಚಿಸಿದರೆ ದೊರೆಯುವುದು ಇದೇ. ಕಡತಗಳು ಬ್ರಿಕ್‌ಗಳ ನಡುವೆ ಹಂಚಿಹೋಗುತ್ತವೆ, ಆದರೆ ಪ್ರತಿಯೊಂದು ಕಡತಕ್ಕೂ ಒಂದೇ ಪ್ರತಿ. ಎಲ್ಲ ಡಿಸ್ಕ್‌ಗಳ ಜಾಗವೂ ಪೂರ್ಣವಾಗಿ ಬಳಕೆಗೆ ಸಿಗುತ್ತದೆ. ಒಂದು ಡಿಸ್ಕ್ ಕೆಟ್ಟರೆ ಅದರಲ್ಲಿದ್ದ ಕಡತಗಳು ಹೋದವೆಂದೇ ಅರ್ಥ. ಮತ್ತೆ ಸುಲಭವಾಗಿ ಸೃಷ್ಟಿಸಬಹುದಾದ ತಾತ್ಕಾಲಿಕ ದತ್ತಾಂಶಕ್ಕೆ ಮಾತ್ರ ಇದು ತಕ್ಕುದು.

ಪ್ರತಿಕೃತಿ ವಾಲ್ಯೂಮ್. ಇದರಲ್ಲಿ ಒಂದೇ ಕಡತವನ್ನು ಎರಡು ಅಥವಾ ಮೂರು ಬ್ರಿಕ್‌ಗಳಲ್ಲಿ ಏಕಕಾಲಕ್ಕೆ ಬರೆಯಲಾಗುತ್ತದೆ. ಬರೆಯುವ ಹೊಣೆ ಕ್ಲೈಂಟಿನದು. ಮೂರು ಪ್ರತಿಗಳ ವಾಲ್ಯೂಮಿಗೆ ಬರೆಯುವ ಗಣಕವು ಅದೇ ದತ್ತಾಂಶವನ್ನು ಜಾಲದ ಮೇಲೆ ಮೂರು ಬಾರಿ ಕಳುಹಿಸುತ್ತದೆ. ಆದ್ದರಿಂದ ಬರವಣಿಗೆಯ ವೇಗ ಕ್ಲೈಂಟಿನ ಜಾಲ ಸಂಪರ್ಕದ ಮೂರನೆಯ ಒಂದು ಭಾಗಕ್ಕೆ ಸೀಮಿತವಾಗುತ್ತದೆ.

ಮಧ್ಯಸ್ಥ ಬ್ರಿಕ್ ಇರುವ ವಾಲ್ಯೂಮ್. ಇದಕ್ಕೆ ಗ್ಲಸ್ಟರಿನಲ್ಲಿ ಆರ್ಬಿಟರ್ ಎಂದು ಹೆಸರು. ಮೂರರಲ್ಲಿ ಎರಡು ಬ್ರಿಕ್‌ಗಳು ಪೂರ್ಣ ದತ್ತಾಂಶವನ್ನೂ ಮೂರನೆಯದು ಕಡತಗಳ ಹೆಸರು ಮತ್ತು ಗುಣಲಕ್ಷಣಗಳನ್ನು ಮಾತ್ರವೂ ಇಟ್ಟುಕೊಳ್ಳುತ್ತವೆ. ಮೂರನೆಯದರ ಕೆಲಸ ಸಾಕ್ಷಿ ನುಡಿಯುವುದು. ಅದಕ್ಕೆ ಕಡತವೊಂದಕ್ಕೆ ಸುಮಾರು 4 ಕಿಲೋಬೈಟ್ ಜಾಗವಿದ್ದರೆ ಸಾಕು ಎಂಬುದು ರೂಢಿಯ ಲೆಕ್ಕ. ಹತ್ತು ಲಕ್ಷ ಕಡತಗಳಿಗೆ ಸುಮಾರು 4 ಗಿಗಾಬೈಟ್ ಆಯಿತು. ಮೂರನೆಯ ದೊಡ್ಡ ಡಿಸ್ಕ್ ಕೊಳ್ಳಲಾರದ ಸಣ್ಣ ಸಂಸ್ಥೆಗಳಿಗೆ ಇದು ಒಳ್ಳೆಯ ಏರ್ಪಾಡು.

ಚದುರಿಕೆಯ ವಾಲ್ಯೂಮ್. ಡಿಸ್ಪರ್ಸ್ಡ್ ಎಂಬ ಹೆಸರಿನ ಈ ವಿಧದಲ್ಲಿ ಕಡತವನ್ನು ಖಂಡಗಳಾಗಿ ಒಡೆದು, ರೀಡ್–ಸಾಲಮನ್ ಎಂಬ ಗಣಿತ ವಿಧಾನದಿಂದ ಹೆಚ್ಚುವರಿ ಖಂಡಗಳನ್ನು ಲೆಕ್ಕ ಹಾಕಿ ಎಲ್ಲವನ್ನೂ ಬೇರೆ ಬೇರೆ ಬ್ರಿಕ್‌ಗಳಲ್ಲಿ ಇಡಲಾಗುತ್ತದೆ. ಆರು ಬ್ರಿಕ್‌ಗಳಲ್ಲಿ ಎರಡನ್ನು ಹೆಚ್ಚುವರಿಯೆಂದು ಗೊತ್ತುಪಡಿಸಿದರೆ, ಯಾವ ಎರಡು ಬ್ರಿಕ್‌ಗಳು ಕೆಟ್ಟರೂ ಉಳಿದ ನಾಲ್ಕರಿಂದ ಕಡತವನ್ನು ಮತ್ತೆ ಕಟ್ಟಬಹುದು. ತಲಾ 4 ಟೆರಾಬೈಟ್‌ನ ಆರು ಡಿಸ್ಕ್‌ಗಳಿದ್ದರೆ ಈ ಕ್ರಮದಲ್ಲಿ 16 ಟೆರಾಬೈಟ್ ಬಳಕೆಗೆ ದೊರೆಯುತ್ತದೆ. ಮೂರು ಪ್ರತಿಗಳ ಕ್ರಮದಲ್ಲಿ ಅದೇ ಡಿಸ್ಕ್‌ಗಳಿಂದ ದೊರೆಯುವುದು 8 ಟೆರಾಬೈಟ್ ಮಾತ್ರ. ಉಳಿತಾಯಕ್ಕೆ ತೆರಬೇಕಾದ ಬೆಲೆಯೂ ಇದೆ. ದೊಡ್ಡ ಕಡತದ ನಡುವೆ ಕೆಲವೇ ಬೈಟ್‌ಗಳನ್ನು ತಿದ್ದಬೇಕಾದರೂ ಆ ಭಾಗದ ಖಂಡಗಳನ್ನೆಲ್ಲ ಓದಿ, ಮರುಲೆಕ್ಕ ಹಾಕಿ, ಮತ್ತೆ ಬರೆಯಬೇಕಾಗುತ್ತದೆ. ಚಿತ್ರ, ಚಲನಚಿತ್ರ, ದಾಖಲೆಗಳ ಸಂಗ್ರಹಕ್ಕೆ ಇದು ಹೊಂದುತ್ತದೆ, ದತ್ತಸಂಚಯಗಳಿಗೆ ಹೊಂದುವುದಿಲ್ಲ.

ಕಡತವನ್ನು ಪಟ್ಟಿಪಟ್ಟಿಯಾಗಿ ಸೀಳಿ ಹಂಚುವ ಸ್ಟ್ರೈಪ್ಡ್ ಎಂಬ ವಿಧವೂ ಹಿಂದೆ ಇತ್ತು. ಅದನ್ನು ಅನಂತರ ಕೈಬಿಡಲಾಯಿತು.

ಪ್ರತಿಕೃತಿ ವಾಲ್ಯೂಮಿನಲ್ಲಿ ಪ್ರತಿಗಳ ಸಂಖ್ಯೆಯನ್ನು ಮುಂದೆ ಹೆಚ್ಚಿಸಿಕೊಳ್ಳಲು ಅವಕಾಶವಿದೆ. ಆದರೆ ಪ್ರತಿಕೃತಿ ವಾಲ್ಯೂಮನ್ನು ಚದುರಿಕೆಯ ವಾಲ್ಯೂಮಾಗಿ ಮಾರ್ಪಡಿಸಲು ಬರುವುದಿಲ್ಲ. ಚದುರಿಕೆಯಲ್ಲಿ ನಾಲ್ಕು ಮತ್ತು ಎರಡು ಎಂದು ಒಮ್ಮೆ ಗೊತ್ತುಪಡಿಸಿದ ಅನುಪಾತವನ್ನೂ ಬದಲಿಸಲು ಬರುವುದಿಲ್ಲ. ಹೊಸ ವಾಲ್ಯೂಮ್ ಕಟ್ಟಿ ದತ್ತಾಂಶವನ್ನೆಲ್ಲ ಸಾಗಿಸುವುದೊಂದೇ ದಾರಿ.

ಬ್ರಿಕ್‌ಗಳ ಅನುಕ್ರಮ

ಒಂದು ಗುಂಪಿಗೆ ಬೇಕಾದುದಕ್ಕಿಂತ ಹೆಚ್ಚು ಬ್ರಿಕ್‌ಗಳನ್ನು ಕೊಟ್ಟಾಗ ಹಂಚಿಕೆ ಮತ್ತು ಪ್ರತಿಕೃತಿ ಎರಡೂ ಕೂಡಿದ ವಾಲ್ಯೂಮ್ ಸಿದ್ಧವಾಗುತ್ತದೆ. ಯಾವ ಬ್ರಿಕ್ ಯಾವುದರ ಪ್ರತಿ ಎಂಬುದನ್ನು ಗ್ಲಸ್ಟರ್ ತಾನಾಗಿ ಯೋಚಿಸಿ ತೀರ್ಮಾನಿಸುವುದಿಲ್ಲ. ಆದೇಶದಲ್ಲಿ ಬರೆದ ಅನುಕ್ರಮವನ್ನೇ ಅನುಸರಿಸುತ್ತದೆ.

ಅ, ಆ, ಇ ಎಂಬ ಮೂರು ಸರ್ವರ್‌ಗಳಿದ್ದು ಪ್ರತಿಯೊಂದರಲ್ಲಿಯೂ ಎರಡು ಡಿಸ್ಕ್‌ಗಳಿವೆ ಎಂದು ಭಾವಿಸೋಣ. ಮೂರು ಪ್ರತಿಗಳ ವಾಲ್ಯೂಮಿಗೆ ಅ1, ಆ1, ಇ1, ಅ2, ಆ2, ಇ2 ಎಂದು ಬರೆದರೆ ಮೊದಲ ಮೂರು ಒಂದು ಗುಂಪು, ಕೊನೆಯ ಮೂರು ಇನ್ನೊಂದು ಗುಂಪು. ಎರಡರಲ್ಲಿಯೂ ಮೂರು ಪ್ರತಿಗಳು ಮೂರು ಬೇರೆ ಯಂತ್ರಗಳಲ್ಲಿರುತ್ತವೆ. ಯಾವುದೇ ಒಂದು ಸರ್ವರ್ ನಿಂತರೂ ಕೆಲಸ ನಿಲ್ಲದು. ಅದನ್ನೇ ಅ1, ಅ2, ಆ1, ಆ2, ಇ1, ಇ2 ಎಂದು ಓದಲು ಚೆಂದವಾಗಿ ಕಾಣುವ ಕ್ರಮದಲ್ಲಿ ಬರೆದರೆ ಮೊದಲ ಗುಂಪಿನ ಮೂರು ಪ್ರತಿಗಳಲ್ಲಿ ಎರಡು ಅ ಸರ್ವರಿನಲ್ಲಿಯೇ ಕೂರುತ್ತವೆ. ಅ ನಿಂತ ಕ್ಷಣ ಆ ಗುಂಪು ಬಹುಮತ ಕಳೆದುಕೊಂಡು ಬರವಣಿಗೆಯನ್ನು ನಿರಾಕರಿಸುತ್ತದೆ. ಕೊಂಡ ಡಿಸ್ಕ್‌ಗಳು ಅವೇ, ಖರ್ಚು ಅದೇ, ರಕ್ಷಣೆ ಮಾತ್ರ ಇಲ್ಲ.

ಇಂತಹ ಜೋಡಣೆ ಕಂಡಾಗ ಗ್ಲಸ್ಟರ್ ಎಚ್ಚರಿಕೆ ನೀಡುತ್ತದೆ. ಆದರೆ ಆದೇಶದ ಕೊನೆಯಲ್ಲಿ ಫೋರ್ಸ್ ಎಂಬ ಪದ ಸೇರಿಸಿದರೆ ಎಚ್ಚರಿಕೆ ಬದಿಗೆ ಸರಿಯುತ್ತದೆ. ಆ ಪದವನ್ನು ಅಭ್ಯಾಸಬಲದಿಂದ ಸೇರಿಸುವವರು ಒಂದೇ ಏಟಿಗೆ ಹಲವು ಎಚ್ಚರಿಕೆಗಳನ್ನು ಕಳೆದುಕೊಳ್ಳುತ್ತಾರೆ.

ಸಿದ್ಧತೆ ಮತ್ತು ಸ್ಥಾಪನೆ

ವಾಲ್ಯೂಮಿಗೆ ಮೊದಲು ಪ್ರತಿಯೊಂದು ಸರ್ವರಿನ ಗಡಿಯಾರವೂ ಒಂದೇ ವೇಳೆಯನ್ನು ತೋರಿಸುವಂತೆಯೂ, ಎಲ್ಲ ಸರ್ವರ್‌ಗಳೂ ಒಂದನ್ನೊಂದು ಹೆಸರಿನಿಂದ ಗುರುತಿಸುವಂತೆಯೂ ನೋಡಿಕೊಳ್ಳಬೇಕು. ಐಪಿ ವಿಳಾಸಕ್ಕಿಂತ ಹೆಸರನ್ನು ಬಳಸುವುದು ಲೇಸು. ವಿಳಾಸ ಬದಲಾದರೂ ಹೆಸರು ಉಳಿಯುತ್ತದೆ. ಫೈರ್‌ವಾಲ್‌ನಲ್ಲಿ ಗ್ಲಸ್ಟರ್‌ಡಿ ಸೇವೆಗಾಗಿ 24007ನೆಯ ಪೋರ್ಟನ್ನೂ ಬ್ರಿಕ್‌ಗಳಿಗಾಗಿ 49152ರಿಂದ ಮೇಲಿನ ಪೋರ್ಟ್‌ಗಳನ್ನೂ ತೆರೆಯಬೇಕಾಗುತ್ತದೆ. ಅನಂತರ ಒಂದು ಸರ್ವರಿನಿಂದ ಪೀರ್ ಪ್ರೋಬ್ ಎಂಬ ಆದೇಶದ ಮೂಲಕ ಉಳಿದವನ್ನು ಕೂಟಕ್ಕೆ ಸೇರಿಸಿಕೊಳ್ಳಲಾಗುತ್ತದೆ. ಕೂಟದೊಳಗಿರುವ ಸರ್ವರ್ ಮಾತ್ರ ಹೊಸಬರನ್ನು ಕರೆಯಬಲ್ಲುದು. ಹೊರಗಿನದು ತಾನಾಗಿ ಒಳನುಗ್ಗಲಾರದು.

ಬ್ರಿಕ್‌ಗಳಿಗೆ ಎಕ್ಸ್‌ಎಫ್‌ಎಸ್ ಕಡತ ವ್ಯವಸ್ಥೆಯನ್ನು ಶಿಫಾರಸು ಮಾಡಲಾಗಿದೆ. ಗ್ಲಸ್ಟರ್ ತನ್ನ ಗುರುತುಗಳನ್ನೆಲ್ಲ ಕಡತಗಳ ವಿಸ್ತೃತ ಗುಣಲಕ್ಷಣಗಳಲ್ಲಿ ಬರೆಯುವುದರಿಂದ, ಅವು ಐನೋಡ್‌ನೊಳಗೇ ಹಿಡಿಯುವಂತೆ ಐನೋಡ್‌ನ ಗಾತ್ರವನ್ನು 512 ಬೈಟ್ ಇಡುವುದು ವಾಡಿಕೆ. ವಾಲ್ಯೂಮಿನ ಸ್ನ್ಯಾಪ್‌ಶಾಟ್ ಬೇಕೆಂದಾದರೆ ಡಿಸ್ಕನ್ನು ಎಲ್‌ವಿಎಂನ ಥಿನ್ ಪೂಲ್ ಕ್ರಮದಲ್ಲಿ ಮೊದಲೇ ವಿಭಾಗಿಸಿರಬೇಕು.

ಡಿಸ್ಕನ್ನು ಮೌಂಟ್ ಮಾಡಿದ ಡೈರೆಕ್ಟರಿಯನ್ನೇ ಬ್ರಿಕ್ ಎಂದು ಬಳಸದೆ, ಅದರೊಳಗೆ ಇನ್ನೊಂದು ಡೈರೆಕ್ಟರಿ ಸೃಷ್ಟಿಸಿ ಅದನ್ನು ಬ್ರಿಕ್ ಮಾಡಬೇಕು. ಇದಕ್ಕೆ ಕಾರಣವಿದೆ. ವಿದ್ಯುತ್ ಹೋಗಿ ಬಂದ ಮೇಲೆ ಸರ್ವರ್ ಮತ್ತೆ ಏಳುವಾಗ ಡಿಸ್ಕ್ ಮೌಂಟ್ ಆಗದೆ ಉಳಿಯಬಹುದು. ಆಗ ಆ ಹಾದಿಯಲ್ಲಿ ಮೂಲ ವಿಭಾಗದ ಖಾಲಿ ಡೈರೆಕ್ಟರಿ ಕಾಣಿಸುತ್ತದೆ. ಅದನ್ನೇ ಬ್ರಿಕ್ ಎಂದು ತಿಳಿದು ಬರೆಯತೊಡಗಿದರೆ ಕಾರ್ಯಾಚರಣ ವ್ಯವಸ್ಥೆಯ ವಿಭಾಗ ತುಂಬಿಹೋಗುತ್ತದೆ, ಜೊತೆಗೆ ಪ್ರತಿಗಳ ನಡುವೆ ಗೊಂದಲವೂ ಹುಟ್ಟುತ್ತದೆ. ಒಳ ಡೈರೆಕ್ಟರಿಯನ್ನು ಬಳಸಿದ್ದರೆ ಡಿಸ್ಕ್ ಇಲ್ಲದಾಗ ಆ ಡೈರೆಕ್ಟರಿಯೂ ಇರುವುದಿಲ್ಲ, ಬ್ರಿಕ್ ಏಳುವುದೇ ಇಲ್ಲ. ಇದರ ಜೊತೆಗೆ ಗ್ಲಸ್ಟರ್ ಪ್ರತಿ ಬ್ರಿಕ್ಕಿನ ಮೇಲೆಯೂ ವಾಲ್ಯೂಮಿನ ಗುರುತು ಸಂಖ್ಯೆಯನ್ನು ಬರೆದಿಟ್ಟು, ಅದು ಕಾಣದಿದ್ದರೆ ಬ್ರಿಕ್ಕನ್ನು ಆರಂಭಿಸಲು ಒಪ್ಪುವುದಿಲ್ಲ. ಅಳಿಸಿದ ವಾಲ್ಯೂಮಿನ ಹಳೆಯ ಬ್ರಿಕ್ಕನ್ನು ಹೊಸದಕ್ಕೆ ಸೇರಿಸಹೊರಟಾಗ ಅದು ಈಗಾಗಲೇ ಬೇರೊಂದು ವಾಲ್ಯೂಮಿನ ಭಾಗ ಎಂಬ ಸಂದೇಶ ಬರುವುದೂ ಈ ಗುರುತಿನಿಂದಲೇ. ವಾಲ್ಯೂಮನ್ನು ಅಳಿಸಿದರೆ ಬ್ರಿಕ್‌ಗಳಲ್ಲಿನ ಕಡತಗಳು ಅಳಿಯುವುದಿಲ್ಲ.

ರಚನೆಯ ಆದೇಶದ ಅನಂತರ ಸ್ಟಾರ್ಟ್ ಆದೇಶ ನೀಡಬೇಕು. ಆಮೇಲೆ ಕ್ಲೈಂಟ್ ಗಣಕದಲ್ಲಿ ವಾಲ್ಯೂಮನ್ನು ಮೌಂಟ್ ಮಾಡಬಹುದು. ಮೌಂಟ್ ಮಾಡುವಾಗ ಹೇಳುವ ಸರ್ವರಿನ ಹೆಸರು ವಿವರಣಾ ಕಡತವನ್ನು ತರಲು ಮಾತ್ರ. ಅದು ಕೈಸೇರಿದ ಬಳಿಕ ಕ್ಲೈಂಟ್ ಎಲ್ಲ ಬ್ರಿಕ್‌ಗಳೊಡನೆ ನೇರವಾಗಿ ವ್ಯವಹರಿಸುತ್ತದೆ. ಆ ಒಂದು ಸರ್ವರ್ ನಿಂತಿರುವಾಗಲೂ ಮೌಂಟ್ ಆಗಬೇಕಾದರೆ ಬದಲಿ ಸರ್ವರ್‌ಗಳ ಹೆಸರನ್ನೂ ಜೊತೆಗೆ ಕೊಟ್ಟಿರಬೇಕು. ಪೂರ್ವನಿಗದಿಯಂತೆ ಯಾವ ಗಣಕ ಬೇಕಾದರೂ ವಾಲ್ಯೂಮನ್ನು ಮೌಂಟ್ ಮಾಡಬಹುದಾದ್ದರಿಂದ, ಅನುಮತಿಯುಳ್ಳ ವಿಳಾಸಗಳ ಪಟ್ಟಿಯನ್ನು ನಿರ್ವಾಹಕನೇ ನಿಗದಿಪಡಿಸುವುದು ಅಗತ್ಯ.

ಬಳಕೆಗೆ ಬಂದ ಮೇಲೆ ಬ್ರಿಕ್ಕಿನೊಳಗೆ ನೇರವಾಗಿ ಕೈಹಾಕಬಾರದು. ಅಲ್ಲಿ ಕಡತಗಳು ಮಾಮೂಲಿನಂತೆ ಕಾಣುವುದರಿಂದ ಒಂದೆರಡನ್ನು ಅಳಿಸಿದರೆ ತಪ್ಪೇನು ಎನ್ನಿಸುವುದು ಸಹಜ. ಆದರೆ ಪ್ರತಿಯೊಂದು ಕಡತಕ್ಕೂ ಒಂದು ಗುಪ್ತ ಡೈರೆಕ್ಟರಿಯಲ್ಲಿ ಜೋಡಿ ಕೊಂಡಿ ಇರುತ್ತದೆ. ಹೆಸರು ಅಳಿದರೂ ಕೊಂಡಿ ಉಳಿಯುವುದರಿಂದ ಜಾಗ ಬಿಡುಗಡೆಯಾಗುವುದಿಲ್ಲ. ಕಡತಗಳು ಹೀಗೆ ಮಾಮೂಲಿನ ರೂಪದಲ್ಲಿರುವುದು ಆಪತ್ಕಾಲದಲ್ಲಿ ಮಾತ್ರ ದೊಡ್ಡ ಅನುಕೂಲ. ಗ್ಲಸ್ಟರ್ ಪೂರ್ತಿ ಕೆಟ್ಟರೂ ಪ್ರತಿಕೃತಿ ವಾಲ್ಯೂಮಿನ ಬ್ರಿಕ್‌ಗಳಿಂದ ಕಡತಗಳನ್ನು ನಕಲು ಮಾಡಿಕೊಳ್ಳಬಹುದು. ಖಂಡಗಳು ಮಾತ್ರ ಇರುವ ಚದುರಿಕೆಯ ವಾಲ್ಯೂಮಿನಲ್ಲಿ ಈ ಸೌಲಭ್ಯ ಇಲ್ಲ.

ಸ್ಪ್ಲಿಟ್ ಬ್ರೇನ್

ಪ್ರತಿಕೃತಿ ವಾಲ್ಯೂಮ್‌ಗಳನ್ನು ಕಾಡುವ ಅತ್ಯಂತ ಗಂಭೀರ ಸಮಸ್ಯೆ ಇದು. ಕಡತಕ್ಕೆ ಬರೆಯುವ ಮುನ್ನ ಕ್ಲೈಂಟ್ ಎಲ್ಲ ಪ್ರತಿಗಳ ಮೇಲೆ ಕೆಲಸ ಬಾಕಿ ಇದೆ ಎಂಬ ಗುರುತು ಹಾಕುತ್ತದೆ. ಬರವಣಿಗೆ ಮುಗಿದ ಮೇಲೆ ಗುರುತನ್ನು ತೆಗೆಯುತ್ತದೆ. ನಡುವೆ ಒಂದು ಬ್ರಿಕ್ ಕೈಕೊಟ್ಟರೆ, ಉಳಿದವುಗಳ ಮೇಲೆ ಆ ಬ್ರಿಕ್ಕಿನ ವಿರುದ್ಧದ ಗುರುತು ಹಾಗೆಯೇ ಉಳಿಯುತ್ತದೆ. ಕೆಟ್ಟ ಬ್ರಿಕ್ ಮರಳಿ ಬಂದಾಗ ಸ್ವಯಂ ಚೇತರಿಕೆಯ ಸೇವೆಯು ಈ ಗುರುತನ್ನು ನೋಡಿ, ಸರಿಯಾದ ಪ್ರತಿಯಿಂದ ಹಳಸಿದ ಪ್ರತಿಗೆ ದತ್ತಾಂಶವನ್ನು ತುಂಬುತ್ತದೆ.

ಎರಡೇ ಪ್ರತಿಗಳಿರುವಾಗ ಜಾಲ ಕಡಿದುಹೋಯಿತು ಎನ್ನೋಣ. ಒಂದು ಕ್ಲೈಂಟಿಗೆ ಮೊದಲ ಬ್ರಿಕ್ ಮಾತ್ರ, ಇನ್ನೊಂದಕ್ಕೆ ಎರಡನೆಯದು ಮಾತ್ರ ಕಾಣುತ್ತಿದೆ. ಇಬ್ಬರೂ ಒಂದೇ ಕಡತಕ್ಕೆ ಬರೆಯುತ್ತಾರೆ. ಜಾಲ ಸರಿಹೋದಾಗ ಮೊದಲ ಪ್ರತಿಯು ಎರಡನೆಯದನ್ನು ಹಳತು ಎನ್ನುತ್ತದೆ, ಎರಡನೆಯದು ಮೊದಲನೆಯದನ್ನು ಹಳತು ಎನ್ನುತ್ತದೆ. ಎರಡರಲ್ಲಿಯೂ ಹೊಸ ದತ್ತಾಂಶ ಇರುವುದರಿಂದ ಯಾವುದನ್ನು ಉಳಿಸಿದರೂ ಇನ್ನೊಂದರದು ಹೋಗುತ್ತದೆ. ಇಂತಹ ಕಡತವನ್ನು ತೆರೆಯಲು ಹೋದವರಿಗೆ ಗ್ಲಸ್ಟರ್ ದೋಷಸಂದೇಶವನ್ನು ಮಾತ್ರ ಕೊಡುತ್ತದೆ. ದೊಡ್ಡ ಗಾತ್ರದ್ದು, ಇತ್ತೀಚೆಗೆ ತಿದ್ದಿದ್ದು ಅಥವಾ ಇಂತಹ ಬ್ರಿಕ್ಕಿನದು ಸರಿ ಎಂದು ನಿರ್ವಾಹಕನು ಆದೇಶದ ಮೂಲಕ ತೀರ್ಪು ಕೊಡಬೇಕಾಗುತ್ತದೆ. ತೀರ್ಪು ಯಾವುದಾದರೂ ಒಬ್ಬರ ಕೆಲಸ ಅಳಿಯುತ್ತದೆ.

ಇದನ್ನು ತಪ್ಪಿಸುವ ಉಪಾಯ ಬಹುಮತ. ಮೂರು ಪ್ರತಿಗಳಲ್ಲಿ ಕನಿಷ್ಠ ಎರಡು ಕಂಡರೆ ಮಾತ್ರ ಬರೆಯಲು ಬಿಡುವ ನಿಯಮಕ್ಕೆ ಕೋರಂ ಎಂದು ಹೆಸರು. ಜಾಲ ಎರಡು ಹೋಳಾದಾಗ ಬಹುಮತ ಒಂದು ಕಡೆಗಷ್ಟೇ ಇರಲು ಸಾಧ್ಯ. ಎರಡೇ ಪ್ರತಿಗಳಿರುವಾಗ ಈ ನಿಯಮವನ್ನು ಹಚ್ಚಿದರೆ ಮೊದಲ ಬ್ರಿಕ್ಕಿಗೆ ಪ್ರಾಧಾನ್ಯ ಸಿಗುತ್ತದೆ. ಅದು ನಿಂತರೆ ಎರಡನೆಯದು ಇದ್ದೂ ಬರೆಯಲಾಗದು. ಹೀಗಾಗಿ ಎರಡು ಪ್ರತಿಗಳ ವಾಲ್ಯೂಮ್ ರಚಿಸಹೊರಟವರಿಗೆ ಗ್ಲಸ್ಟರ್ ಎಚ್ಚರಿಕೆ ಕೊಟ್ಟು, ಮೂರು ಪ್ರತಿ ಅಥವಾ ಮಧ್ಯಸ್ಥ ಬ್ರಿಕ್ಕನ್ನು ಬಳಸುವಂತೆ ಸೂಚಿಸುತ್ತದೆ. ಮಧ್ಯಸ್ಥ ಬ್ರಿಕ್ಕಿನಲ್ಲಿ ದತ್ತಾಂಶ ಇಲ್ಲದಿದ್ದರೂ ಯಾವ ಪ್ರತಿ ಹೊಸದು ಎಂಬ ಸಾಕ್ಷ್ಯ ಇರುತ್ತದೆ.

ಸರ್ವರೊಂದು ಸದ್ದಿಲ್ಲದೆ ಜಾಲದಿಂದ ಮಾಯವಾದರೆ ಅದು ಸತ್ತಿದೆ ಎಂದು ತೀರ್ಮಾನಿಸುವ ಮೊದಲು ಕ್ಲೈಂಟ್ ಪೂರ್ವನಿಗದಿಯಂತೆ 42 ಸೆಕೆಂಡ್ ಕಾಯುತ್ತದೆ. ಅಷ್ಟು ಹೊತ್ತು ಕಡತ ತೆರೆದವರ ಪರದೆ ಸ್ತಬ್ಧವಾಗಿರುತ್ತದೆ. ಈ ಅವಧಿಯನ್ನು ತೀರ ಕುಗ್ಗಿಸಿದರೆ ಜಾಲದ ಸಣ್ಣ ತಡೆಗಳೂ ಸಂಪರ್ಕವನ್ನು ಕಡಿದು, ಚೇತರಿಕೆಯ ಕೆಲಸವನ್ನು ಹೆಚ್ಚಿಸುತ್ತವೆ.

ವಿಸ್ತರಣೆ ಮತ್ತು ಕುಗ್ಗಿಸುವಿಕೆ

ನಡೆಯುತ್ತಿರುವ ವಾಲ್ಯೂಮಿಗೆ ಬ್ರಿಕ್‌ಗಳನ್ನು ಸೇರಿಸಿ ಅದರ ಜಾಗವನ್ನು ಹಿಗ್ಗಿಸಬಹುದು. ಆದರೆ ಗುಂಪಿನ ಲೆಕ್ಕದಲ್ಲಿಯೇ ಸೇರಿಸಬೇಕು. ಮೂರು ಪ್ರತಿಗಳ ವಾಲ್ಯೂಮಿಗೆ ಮೂರರ ಗುಣಕದಲ್ಲಿ, ಆರು ಬ್ರಿಕ್‌ಗಳ ಚದುರಿಕೆಯ ವಾಲ್ಯೂಮಿಗೆ ಆರಾರಾಗಿ. ಸೇರಿಸಿದ ಮಾತ್ರಕ್ಕೆ ಹಳೆಯ ಕಡತಗಳು ಹೊಸ ಬ್ರಿಕ್‌ಗಳಿಗೆ ಹೋಗುವುದಿಲ್ಲ. ರೀಬ್ಯಾಲೆನ್ಸ್ ಎಂಬ ಆದೇಶ ಕೊಟ್ಟಾಗ ಹ್ಯಾಶ್ ವ್ಯಾಪ್ತಿಯನ್ನು ಮರುಹಂಚಿಕೆ ಮಾಡಿ ಕಡತಗಳನ್ನು ಸಾಗಿಸಲಾಗುತ್ತದೆ. ದೊಡ್ಡ ವಾಲ್ಯೂಮಿನಲ್ಲಿ ಇದಕ್ಕೆ ದಿನಗಳೇ ಹಿಡಿಯಬಹುದು.

ಬ್ರಿಕ್ ತೆಗೆಯುವಾಗ ಇನ್ನೂ ಹೆಚ್ಚಿನ ಎಚ್ಚರ ಬೇಕು. ಮೊದಲು ಸ್ಟಾರ್ಟ್ ಎಂದು ಹೇಳಿ ಅದರಲ್ಲಿರುವ ಕಡತಗಳನ್ನು ಬೇರೆಡೆಗೆ ಸಾಗಿಸಬೇಕು, ಸ್ಟೇಟಸ್ ಎಂದು ಕೇಳಿ ಕೆಲಸ ಪೂರ್ಣಗೊಂಡಿದೆಯೇ, ಸಾಗಿಸಲಾಗದೆ ಉಳಿದ ಕಡತಗಳಿವೆಯೇ ಎಂದು ನೋಡಬೇಕು, ಆಮೇಲಷ್ಟೇ ಕಮಿಟ್ ಎನ್ನಬೇಕು. ಫೋರ್ಸ್ ಎಂದರೆ ಸಾಗಾಣಿಕೆಯಿಲ್ಲದೆ ಬ್ರಿಕ್ ಕಳಚಿಕೊಳ್ಳುತ್ತದೆ, ಅದರಲ್ಲಿದ್ದ ಕಡತಗಳು ಬಳಕೆದಾರರ ಕಣ್ಣಿಗೆ ಬೀಳುವುದು ನಿಂತುಹೋಗುತ್ತದೆ.

ಮಿತಿಗಳು

ಲಕ್ಷಾಂತರ ಸಣ್ಣ ಕಡತಗಳಿರುವ ಡೈರೆಕ್ಟರಿಯನ್ನು ಪಟ್ಟಿ ಮಾಡುವುದು ಗ್ಲಸ್ಟರಿನಲ್ಲಿ ನಿಧಾನ. ಪಟ್ಟಿಯ ಸರ್ವರ್ ಇಲ್ಲದಿರುವುದರ ಬೆಲೆ ಇದು. ಎಲ್ಲ ಬ್ರಿಕ್‌ಗಳನ್ನೂ ಕೇಳಿಯೇ ಪಟ್ಟಿ ಸಿದ್ಧಪಡಿಸಬೇಕಾಗುತ್ತದೆ. ಹಂಚಿಕೆ ಮತ್ತು ಪ್ರತಿಕೃತಿ ವಾಲ್ಯೂಮ್‌ಗಳಲ್ಲಿ ಒಂದು ಕಡತ ಒಂದು ಬ್ರಿಕ್ಕಿನೊಳಗೇ ಹಿಡಿಯಬೇಕೆಂಬುದು ಇನ್ನೊಂದು ಮಿತಿ. ವರ್ಚುವಲ್ ಯಂತ್ರಗಳ ಬೃಹತ್ ಕಡತಗಳಿಗಾಗಿ, ಕಡತವನ್ನು ಪೂರ್ವನಿಗದಿಯಂತೆ 64 ಮೆಗಾಬೈಟ್‌ನ ತುಣುಕುಗಳಾಗಿ ಇಡುವ ಶಾರ್ಡಿಂಗ್ ಸೌಲಭ್ಯವನ್ನು ಒದಗಿಸಲಾಗಿದೆ. ಒಮ್ಮೆ ಹಾಕಿದ ಶಾರ್ಡಿಂಗನ್ನು ದತ್ತಾಂಶ ಇರುವಾಗ ತೆಗೆಯಬಾರದು.

ಪ್ರತಿಕೃತಿಯನ್ನು ಬ್ಯಾಕಪ್ ಎಂದು ಭಾವಿಸುವುದು ಸಾಮಾನ್ಯವಾಗಿ ಕಂಡುಬರುವ ತಪ್ಪು ತಿಳಿವಳಿಕೆ. ಡಿಸ್ಕ್ ಕೆಟ್ಟರೆ ಪ್ರತಿ ಕಾಪಾಡುತ್ತದೆ. ಬಳಕೆದಾರನೇ ಕಡತವನ್ನು ಅಳಿಸಿದರೆ ಅದು ಮೂರೂ ಪ್ರತಿಗಳಿಂದ ಅದೇ ಕ್ಷಣ ಅಳಿಯುತ್ತದೆ. ದೂರದ ಇನ್ನೊಂದು ಕೇಂದ್ರಕ್ಕೆ ಬದಲಾವಣೆಗಳನ್ನು ಸ್ವಲ್ಪ ತಡವಾಗಿ ರವಾನಿಸುವ ಜಿಯೋ ರೆಪ್ಲಿಕೇಶನ್ ಅಗ್ನಿ ಅನಾಹುತದಂತಹ ಸಂದರ್ಭಕ್ಕೆ ಒದಗುತ್ತದೆ. ಅಲ್ಲಿಗೂ ಅಳಿಸುವಿಕೆ ಹಿಂಬಾಲಿಸಿ ಹೋಗುವುದರಿಂದ, ಸ್ನ್ಯಾಪ್‌ಶಾಟ್ ಅಥವಾ ಪ್ರತ್ಯೇಕ ಬ್ಯಾಕಪ್ ಬೇಕೇಬೇಕು.

ಈಚಿನ ಸ್ಥಿತಿ

ರೆಡ್ ಹ್ಯಾಟ್ ಸಂಸ್ಥೆ 2014ರಲ್ಲಿ ಸೆಫ್ ಎಂಬ ಇನ್ನೊಂದು ಸಂಗ್ರಹ ತಂತ್ರಾಂಶದ ಹಿಂದಿದ್ದ ಇಂಕ್‌ಟ್ಯಾಂಕ್ ಕಂಪನಿಯನ್ನು ಕೊಂಡುಕೊಂಡ ಮೇಲೆ ಅದರ ಒಲವು ಕ್ರಮೇಣ ಆ ಕಡೆಗೆ ತಿರುಗಿತು. ಗ್ಲಸ್ಟರ್ ಆಧಾರಿತ ವಾಣಿಜ್ಯ ಉತ್ಪನ್ನಕ್ಕೆ ಬೆಂಬಲ 2024ರ ಕೊನೆಯಲ್ಲಿ ಮುಗಿಯಿತು. ಮುಕ್ತ ತಂತ್ರಾಂಶವಾದ್ದರಿಂದ ಮೂಲ ಸಂಕೇತ ಯಾರಿಗಾದರೂ ಲಭ್ಯವಿದೆ, ಈಗಾಗಲೇ ಕಟ್ಟಿರುವ ವಾಲ್ಯೂಮ್‌ಗಳು ಹಾಗೆಯೇ ನಡೆಯುತ್ತವೆ. ಹೊಸದಾಗಿ ಆರಂಭಿಸುವವರು ಮಾತ್ರ ಮುಂದಿನ ತಿದ್ದುಪಡಿಗಳು ಯಾರಿಂದ, ಎಷ್ಟು ನಿಯತವಾಗಿ ಬರುತ್ತವೆ ಎಂಬುದನ್ನು ವಿಚಾರಿಸಿಕೊಳ್ಳುವುದು ಒಳಿತು. ಗ್ಲಸ್ಟರಿನ ಮೇಲೆ ಹಿಂದೆ ಕೆಲಸ ಮಾಡಿದವರಿಂದ ಹುಟ್ಟಿ, ಕುಬರ್ನೆಟೀಸ್ ವ್ಯವಸ್ಥೆಗಳಿಗೆ ಅದರ ವಾಲ್ಯೂಮ್‌ಗಳನ್ನು ಒದಗಿಸುವ ಒಂದು ಮುಕ್ತ ಯೋಜನೆಯೂ ಇದೆ. ಅದರ ಹೆಸರು ಕಡಲು, ಕನ್ನಡದ ಪದವೇ.